ನನಗೆ ಬಾರದ ಎಲೆ ಅಡಿಕೆ

ಗೌಡರು ತೀರಿಕೊಂಡ ದಿನ ನಮ್ಮ ವಾಟ್ಸ್ಯಾಪ್ ಗುಂಪಿಗೆ ಬಂದ ಸಂದೇಶಗಳನ್ನು ಓದುತ್ತಾ ನನಗೆ ಮೊದಲು ಆದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ದುಃಖ ಆಮೇಲೆ ಬಂತು, ಬರಲಿಲ್ಲವೆಂದಲ್ಲ. ಮೂರನೇ ಮಹಡಿಯ ಟೀಚರ್ ಒಂದು ಫೋಟೋ ಹಾಕಿದ್ದರು. ಸ್ಟೀಲ್ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಕೆಳಗೆ ‘ಗೌಡರು ನನಗೆ ಸೋತ ದಿನ’ ಎಂದು ಬರೆದಿದ್ದರು. ಅದರ ಹಿಂದೆಯೇ ಎದುರು ಬ್ಲಾಕಿನ ಎಂಜಿನಿಯರಮ್ಮನ ಫೋಟೋ, ಅದೇ ತಟ್ಟೆ, ಅದೇ ಎಲೆ. ಆಮೇಲೆ ಕೆಳಮನೆಯ ಮಿಲಿಟರಿ ಮಾವನವರದು. ಕೊನೆಯ ಫೋಟೋ ಬಂದದ್ದು ನನ್ನ ಮನೆಯಿಂದಲೇ. ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತಾ, ನನ್ನ ಹೆಂಡತಿಯೇ ಅದನ್ನು ಹಾಕಿದಳು.

ನನ್ನ ಬಳಿ ಅಂಥ ಫೋಟೋ ಇಲ್ಲ. ಇಲ್ಲವೆಂದು ಗೊತ್ತಿದ್ದೂ ಫೋನಿನಲ್ಲಿ ಸುಮ್ಮನೆ ಹುಡುಕಿದೆ.

ಹೆಸರು ಬೇಡ. ನಾವೆಲ್ಲರೂ ಅವರನ್ನು ಗೌಡ್ರೇ ಎಂದೇ ಕರೆಯುತ್ತಿದ್ದೆವು. ಜಕ್ಕೂರಿನ ಹಳೆಯ ಮನೆತನ. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದೇ ಅವರ ರಾಗಿ ಹೊಲದ ಮೇಲೆ. ಜಾಗ ಕೊಟ್ಟದ್ದಕ್ಕೆ ಅವರ ಪಾಲಿಗೆ ಒಂದಷ್ಟು ಮನೆಗಳು ಬಂದಿದ್ದವು, ಅದರಲ್ಲೊಂದರಲ್ಲಿ ತಾವೇ ಇದ್ದರು. ದಪ್ಪ ಮೀಸೆ, ಬಿಳಿ ಪಂಚೆ, ಎದೆಯ ಎರಡು ಗುಂಡಿ ಬಿಚ್ಚಿದ ಶರ್ಟು. ಫೋನನ್ನು ತೋಳುದ್ದ ಹಿಡಿದು ಒಂದೇ ಬೆರಳಿನಲ್ಲಿ ಕುಟ್ಟುವರು. ಬರೆಯುತ್ತಿರುವುದನ್ನು ಬಾಯಲ್ಲೂ ಜೋರಾಗಿ ಹೇಳುವುದರಿಂದ, ಗುಂಪಿಗೆ ಸಂದೇಶ ಬರುವ ಮೊದಲೇ ಗೇಟಿನ ಬಳಿ ಇದ್ದವರಿಗೆಲ್ಲ ವಿಷಯ ಗೊತ್ತಾಗಿಬಿಡುತ್ತಿತ್ತು. ಮಾತಿನಲ್ಲಿ ಹಕಾರ ಇರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ.

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಮುಖ್ಯ ಗುಂಪಿನಲ್ಲಿ ನೀರಿನ ಟ್ಯಾಂಕರು, ಲಿಫ್ಟು ಬಿಟ್ಟು ಬೇರೆ ಮಾತಾಡಬಾರದೆಂದು ಕಾರ್ಯದರ್ಶಿ ಆದೇಶ ಹೊರಡಿಸಿದಾಗ, ಗೌಡರು ಸಿಟ್ಟಿನಿಂದ ಇನ್ನೊಂದು ಗುಂಪು ಕಟ್ಟಿದರು. ಅದಕ್ಕೆ ‘ಕಟ್ಟೆ’ ಎಂದು ಹೆಸರು. ಅಲ್ಲಿ ಏನು ಬೇಕಾದರೂ ವಾದ ಮಾಡಬಹುದು, ಒಂದು ಷರತ್ತಿನ ಮೇಲೆ. ಆ ಷರತ್ತನ್ನು ಅವರು ಧ್ವನಿ ಸಂದೇಶದಲ್ಲಿ ಹೇಳಿದ್ದರು.

“ನಮ್ ತಾತ ಅಳ್ಳೀಮರದ್ ಕಟ್ಟೇಲಿ ನ್ಯಾಯ ಏಳ್ತಿದ್ರು. ಸೋತೋನು ಗೆದ್ದೋನ್ ಮನೆಗೆ ಎಲೆ ಅಡ್ಕೆ ತಗೊಂಡೋಗ್ಬೇಕು. ಇಬ್ರೂ ಎದುರಾಬದುರಾ ಕೂತ್ಕಂಡು ಆಕ್ಕಬೇಕು. ಆಮ್ಯಾಕೆ ಆ ವಿಸ್ಯ ಯಾರೂ ಎತ್ತಂಗಿಲ್ಲ, ಮುಗೀತು. ಇಲ್ಲೂ ಅಂಗೇನೇ.”

ನಾವೆಲ್ಲ ನಕ್ಕೆವು. ವಾಟ್ಸ್ಯಾಪಿನಲ್ಲಿ ಯಾರಾದರೂ ಸೋಲುವುದುಂಟೇ? ಮಾತು ಬೆಳೆಯುತ್ತದೆ, ಒಬ್ಬರು ಗುಂಪು ಬಿಡುತ್ತಾರೆ, ಅಷ್ಟೇ. ಆದರೆ ಗೌಡರು ಸೋತರು. ಮತ್ತೆ ಮತ್ತೆ, ಸಂತೋಷದಿಂದ, ತಟ್ಟೆ ಹಿಡಿದು ಲಿಫ್ಟಿನಲ್ಲಿ ನಿಂತು, “ಯಾವ್ ಫ್ಲೋರ್ ಸಾರ್? ನಾನು ಮೂರಕ್ಕೆ, ಸೋತಿವ್ನಿ” ಎಂದು ಹೇಳಿಕೊಂಡು ಸೋತರು.

ಈಗ ನನ್ನ ವಿಷಯ ಹೇಳಬೇಕು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ಆ ಪಾರಿತೋಷಕ ಇಂದಿಗೂ ನಮ್ಮ ಶೋಕೇಸಿನಲ್ಲಿದೆ, ಹೆಂಡತಿ ಅದರ ಮುಂದೆ ಕೊಂಡಪಲ್ಲಿ ಗೊಂಬೆ ಇಟ್ಟು ಮರೆಮಾಡಿದ್ದಾಳೆ, ಅದು ಬೇರೆ ಮಾತು. ನಮ್ಮ ಕಾಲದಲ್ಲಿ ವೇದಿಕೆ ಹತ್ತುವ ಸ್ವಲ್ಪ ಮೊದಲು ಚೀಟಿ ಎತ್ತಿಸುತ್ತಿದ್ದರು. ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಮರಣದಂಡನೆ ಬೇಕು ಎಂದು ಒಂದೂರಿನಲ್ಲಿ ಸಭೆಯ ರಕ್ತ ಕುದಿಸಿ, ಬೇಡ ಎಂದು ಇನ್ನೊಂದೂರಿನಲ್ಲಿ ಸಭೆಯನ್ನು ಅಳಿಸಿದವನು ನಾನು. ಆಮೇಲೆ ಸರ್ಕಾರಿ ಕಚೇರಿಯಲ್ಲಿ ನಿವೃತ್ತಿಯ ತನಕ ಕಡತಗಳ ಮೇಲೆ ಟಿಪ್ಪಣಿ ಬರೆದೆ. ಸಾಹೇಬರಿಗೆ ಬೇಕಾದ ಕಡೆಗೆ ಟಿಪ್ಪಣಿ ಬಾಗುತ್ತಿತ್ತು. ಇಂಥ ನನಗೆ ಕಟ್ಟೆ ಗುಂಪು ಸಿಕ್ಕಾಗ ಮೀನಿಗೆ ಕೆರೆ ಸಿಕ್ಕ ಹಾಗಾಯಿತು. ಗೌಡರ ಕೈಯಿಂದ ಎಲೆ ಅಡಿಕೆ ಪಡೆಯುವ ಮೊದಲಿಗ ನಾನೇ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಮೊದಲ ದೊಡ್ಡ ಜಗಳ ಹವಾಮಾನದ್ದು. ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಗೌಡರು ನಂಬುತ್ತಿರಲಿಲ್ಲ. “ನಮ್ ತಾತನ್ ಕಾಲ್ದಾಗೂ ಕೆರೆ ಒಣಗಿತ್ತು, ಆಗ ಯಾವ್ ಕಾರಿತ್ತು? ಎಲ್ಲಾ ಫಾರಿನ್ನೋರ್ ಕತೆ” ಎಂದು ಬರೆದರು. ನಾನು ಎರಡು ದಿನ ಕೂತು ಒಂದು ಪ್ರಬಂಧವನ್ನೇ ಬರೆದು ಹಾಕಿದೆ. ಪೀಠಿಕೆ, ಪೂರ್ವಪಕ್ಷ, ಖಂಡನೆ, ಉಪಸಂಹಾರ. ಓದಿದವರು ಹೆಬ್ಬೆರಳು ಎತ್ತಿದರು. ಗೌಡರು ಮಾತ್ರ “ಚೆನ್ನಾಗ್ ಬರ್ದಿದೀರ ಸಾರ್” ಎಂದು ಒಂದು ಕೈಮುಗಿದ ಇಮೋಜಿ ಹಾಕಿದರು. ಅಷ್ಟೇ. ಮುಂದಿನ ವರ್ಷಗಳಲ್ಲಿ ಈ ಮಾತು ನನ್ನ ಹೊಟ್ಟೆ ಉರಿಸಿದಷ್ಟು ಬೇರೆ ಯಾವುದೂ ಉರಿಸಿಲ್ಲ. ಚೆನ್ನಾಗ್ ಬರ್ದಿದೀರ ಸಾರ್.

ಅದೇ ವಾರ ಟೀಚರ್ ನಾಲ್ಕು ಸಾಲು ಬರೆದರು. “ಗೌಡ್ರೇ, ನಿಮ್ಮಜ್ಜಿ ಅವರೆಕಾಳು ಸಾರು ಮಾಡಿದ್ರೆ ಎಷ್ಟು ಮನೆ ಆಚೆಗೆ ಘಮ ಬರ್ತಿತ್ತು? ಈಗ ಪಕ್ಕದ ರೂಮಿಗಾದ್ರೂ ಬರುತ್ತಾ? ಇಬ್ಬನಿ ಸರಿಯಾಗಿ ಬೀಳದೆ ಸೊಗಡು ಎಲ್ಲಿಂದ ಬರ್ಬೇಕು? ಇದೊಂದೇ ಪುರಾವೆ ಅಂತ ಹೇಳ್ತಿಲ್ಲ, ಆದ್ರೆ ಯೋಚ್ನೆ ಮಾಡಿ.”

ಗೌಡರು ಕೆಲವು ದಿನ ಗುಂಪಿನಲ್ಲಿ ಕಾಣಲಿಲ್ಲ. ಯಲಹಂಕದ ಆಚೆ ಇನ್ನೂ ಹೊಲ ಉಳಿಸಿಕೊಂಡಿದ್ದ ನೆಂಟರ ಮನೆಗಳಿಗೆಲ್ಲ ಹೋಗಿ, ಮುದುಕರನ್ನು ಕೂರಿಸಿಕೊಂಡು, ಇಬ್ಬನಿ ಯಾವಾಗ ಬೀಳುತ್ತಿತ್ತು, ಈಗ ಯಾವಾಗ ಬೀಳುತ್ತದೆ ಎಂದು ವಿಚಾರಿಸಿಕೊಂಡು ಬಂದರಂತೆ. ಬಂದವರೇ “ಟೀಚ್ರಮ್ಮ, ನಾನ್ ಸೋತೆ. ಸಂಜೀಕೆ ಬತ್ತೀನಿ” ಎಂದು ಬರೆದು ತಟ್ಟೆ ಹಿಡಿದು ಹೊರಟರು. ಮರುದಿನದಿಂದ ಅಷ್ಟೇ ಆವೇಶದಲ್ಲಿ ಉಲ್ಟಾ ವಾದ. ಟೆರೇಸಿನ ಮೇಲೆ ಸೋಲಾರ್ ಹಾಕಿಸಬೇಕೆಂದು ಸಂಘದ ಸಭೆಯಲ್ಲಿ ಕೂಗಾಡಿ ಗಂಟಲು ಕಟ್ಟಿಸಿಕೊಂಡರು.

ಎರಡು ದಿನ ಕೂತು ಬರೆದವನು ನಾನು, ಎಲೆ ಅಡಿಕೆ ಹೋದದ್ದು ನಾಲ್ಕು ಸಾಲಿಗೆ. ಅದಕ್ಕಿಂತ ಹೆಚ್ಚಾಗಿ, ಗೌಡರು ನನ್ನ ಕಡೆಗೇ ಬಂದು ನಿಂತು ನನ್ನ ಜಾಗವನ್ನೇ ಆಕ್ರಮಿಸಿಕೊಂಡಿದ್ದರು. ನಾನೇನು ಮಾಡಿದೆ? ‘ಅಭಿವೃದ್ಧಿ ಬೇಡವೇ? ಬಡವನ ಮನೆಗೆ ಬೆಳಕು ಬೇಡವೇ?’ ಎಂದು ಶುರುಮಾಡಿದೆ. ಹೆಂಡತಿ ಕನ್ನಡಕ ಕೆಳಗೆ ಜಾರಿಸಿ ನನ್ನನ್ನು ನೋಡಿ, “ಹೋದ ತಿಂಗಳು ನೀವೇ ತಾನೆ ಭೂಮಿ ಸುಡ್ತಿದೆ ಅಂತ ಬರ್ದಿದ್ದು?” ಎಂದಳು. ವಾದದ ಶಿಸ್ತು ಅವಳಿಗೇನು ಗೊತ್ತು ಎಂದುಕೊಂಡೆ. ಎದುರಾಳಿ ಪಕ್ಷ ಬದಲಿಸಿದರೆ ನಾವೂ ಬದಲಿಸಬೇಕು, ಇಲ್ಲದಿದ್ದರೆ ಚರ್ಚೆ ಹೇಗೆ ನಡೆಯುತ್ತದೆ?

ಆಮೇಲೆ ಗೇಟಿನಲ್ಲಿ ಮುಖ ಗುರುತಿಸುವ ಕ್ಯಾಮೆರಾ ಬಂತು. ಗೌಡರಿಗೆ ಯಂತ್ರಗಳೆಂದರೆ ಪ್ರಾಣ. “ಮನ್ಸ ಸುಳ್ ಏಳ್ತಾನೆ, ಮಿಷಿನ್ ಏಳಲ್ಲ” ಎಂಬುದು ಅವರ ವಾದ. ಎಂಜಿನಿಯರಮ್ಮ ಅಂಥದ್ದೇ ಕೆಲಸದಲ್ಲಿರುವವರು. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ ಎಂದು ಅವರು ಎಚ್ಚರಿಸಿದರು. ಗೌಡರು ಒಪ್ಪಲಿಲ್ಲ. ಸಹಜವಾಗಿಯೇ ನಾನು ಕ್ಯಾಮೆರಾದ ವಿರೋಧಿಯಾದೆ. ಈ ಸಲ ಸಮಯ ಉಳಿಸೋಣವೆಂದು ಫೋನಿನಲ್ಲಿರುವ ಕೃತಕ ಬುದ್ಧಿಗೇ ಹೇಳಿ ಒಂದು ಖಂಡನೆ ಬರೆಸಿ ಹಾಕಿದೆ. ಗೌಡರು ತಕ್ಷಣ ಫೋನ್ ಮಾಡಿದರು.

“ಸಾರ್, ಇದು ನೀವ್ ಬರ್ದಿದ್ದಲ್ಲ ಅಲ್ವಾ?”

“ಯಾಕ್ರೀ?”

“ಬೈಗುಳಾನೇ ಇಲ್ವಲ್ಲ ಸಾರ್. ನೀವಾಗಿದ್ರೆ ಕೊನೇಲಿ ನನ್ಗೊಂದು ತಿವೀತಿದ್ರಿ.”

ಮುಖ ಸಪ್ಪಗಾಯಿತು, ಆದರೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತೆಂದು ಬರೆಯಲೇಬೇಕು. ನನ್ನ ತಿವಿತವನ್ನು ಗಮನಿಸುವಷ್ಟಾದರೂ ಓದುತ್ತಾರೆ!

ಕ್ಯಾಮೆರಾ ಬಂದ ಕೆಲವೇ ದಿನಕ್ಕೆ ಗೌಡರ ತಮ್ಮ ಯಾರನ್ನೋ ನೋಡಲು ನಮ್ಮ ಗೇಟಿಗೆ ಬಂದರು. ಜಮೀನಿನ ಪಾಲಿನ ಜಗಳದಲ್ಲಿ ಅಣ್ಣ ತಮ್ಮಂದಿರು ಮಾತುಬಿಟ್ಟು ವರ್ಷಗಳಾಗಿದ್ದವು. ಯಂತ್ರ ಅವರ ಮುಖ ನೋಡಿ, ಗೌಡರ ಹೆಸರು ಹೇಳಿ, ಸ್ವಾಗತ ಎಂದು ಗೇಟು ತೆರೆಯಿತು. ಅಲ್ಲೇ ನಿಂತಿದ್ದ ಗೌಡರು ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನೋಡಿ, ಪಂಚೆ ಎತ್ತಿ ಕಟ್ಟಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಲೋ, ಬಾರ್ಲಾ ಒಳೀಕೆ. ಮಿಷಿನ್ಗೆ ನಾವಿಬ್ರೂ ಒಂದೇ ಅಂತೆ!” ತಮ್ಮನೂ ನಕ್ಕರು. ಅಂದಿನಿಂದ ಹೋಗಿಬರುವುದು ಶುರುವಾಯಿತು. ಸಂಜೆ ಎಂಜಿನಿಯರಮ್ಮನ ಮನೆಗೆ ಎಲೆ ಅಡಿಕೆ. ಸೋತು ತಮ್ಮನನ್ನು ಗಳಿಸಿಕೊಂಡ ಮನುಷ್ಯ! ನಾನು ಜೀವಮಾನವಿಡೀ ಗೆದ್ದು ಗಳಿಸಿದ್ದು ಶೋಕೇಸಿನಲ್ಲಿ ಗೊಂಬೆಯ ಹಿಂದೆ ಕೂತಿತ್ತು.

ಮುಂದಿನದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಕೆರೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಬೈಕಿನಲ್ಲಿ ಬಂದವನೊಬ್ಬ ನನ್ನ ಹೆಂಡತಿಯ ಕತ್ತಿನ ಸರ ಕಿತ್ತುಕೊಂಡು ಹೋದ. ಬಿದ್ದು ಮೊಣಕೈ ತರಚಿತ್ತು, ಕತ್ತಿನಲ್ಲಿ ಕೆಂಪು ಗೆರೆ. ಗುಂಪು ಹೊತ್ತಿ ಉರಿಯಿತು. ಗಲ್ಲಿಗೆ ಹಾಕಿ ಎಂದರು ಒಬ್ಬರು, ಗುಂಡಿಕ್ಕಿ ಎಂದರು ಮಿಲಿಟರಿ ಮಾವ. ಗೌಡರು ಎಲ್ಲರಿಗಿಂತ ಜೋರು. “ನಮ್ಮೂರಾಗೆ ಆಗಿದ್ರೆ ಕಂಬಕ್ಕೆ ಕಟ್ಟಿ ಕೈ ಮುರೀತಿದ್ವಿ. ಕೋರ್ಟು ಗೀರ್ಟು ಏನೂ ಬ್ಯಾಡ.”

ನನಗೂ ಅದೇ ಅನ್ನಿಸಿತ್ತು. ಆದರೆ ಗೌಡರು ಆಗಲೇ ಆ ಪಕ್ಷ ಹಿಡಿದುಬಿಟ್ಟಿದ್ದರಲ್ಲ! ನಾನು ಕೂತು ಬರೆದೆ: ಶಿಕ್ಷೆಯ ಉದ್ದೇಶ ಸೇಡಲ್ಲ, ಸುಧಾರಣೆ. ನಾಗರಿಕ ಸಮಾಜ ಕಳ್ಳನ ಕೈಯನ್ನೂ ಕಾಯಬೇಕು. ಹಳೆಯ ಭಾಷಣದ ವಾಕ್ಯಗಳು ತಾವಾಗಿ ಬಂದವು. ಸರ ಕಳೆದುಕೊಂಡವಳ ಗಂಡನೇ ಹೀಗೆ ಬರೆದನಲ್ಲ ಎಂದು ಎಲ್ಲರೂ ಬೆರಗಾದರು. ಗೌಡರು ಬರೆದರು: ಚೆನ್ನಾಗ್ ಬರ್ದಿದೀರ ಸಾರ್.

ಅವತ್ತು ಮಧ್ಯಾಹ್ನ ನನ್ನ ಹೆಂಡತಿ ಆ ಗುಂಪಿನಲ್ಲಿ ಮೊಟ್ಟಮೊದಲ ಬಾರಿಗೆ ಬರೆದಳು. “ಗೌಡ್ರೇ, ಸರ ಎಳೆಯುವಾಗ ಅವನ ಕೈ ನನ್ನ ಕತ್ತಿಗೆ ತಾಗಿತ್ತು. ನನಗಿಂತ ಹೆಚ್ಚು ನಡುಗ್ತಿತ್ತು. ನನಗೆ ನನ್ನ ಸರ ಬೇಕು. ಆ ಕೈ ಮುರಿದು ನಾನೇನು ಮಾಡ್ಲಿ?”

ಮರುದಿನ ಸಂಜೆ ಯಾರೋ ಬಾಗಿಲು ಬಡಿದರು. ತೆಗೆದರೆ ಗೌಡರು, ಒಗೆದು ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ತಟ್ಟೆ. ಎಲೆಗಳ ಮೇಲೆ ನೀರಿನ ಹನಿ ಇನ್ನೂ ಇತ್ತು. ಕೊನೆಗೂ! ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎರಡೂ ಕೈ ಚಾಚಿದೆ.

“ಅಮ್ಮಾವ್ರು ಅವ್ರಾ ಸಾರ್?” ಎಂದರು ಗೌಡರು.

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಬಾಗಿಲ ಚಿಲಕ ಸವರಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ತಟ್ಟೆ ಇಸಿದುಕೊಂಡಳು. ಇಬ್ಬರೂ ನನ್ನದೇ ಹಾಲಿನಲ್ಲಿ ಎದುರಾಬದುರಾ ಕೂತು, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ ಹಾಕಿಕೊಂಡರು. ನನಗೆ ಯಾರೂ ಒಂದೆಲೆ ಕೊಡಲಿಲ್ಲ. ಕೊಡುವ ಪದ್ಧತಿಯಿಲ್ಲ. ಅವಳ ಬಾಯಿ ಕೆಂಪಗಾಗಿ ಕಣ್ಣೆಲ್ಲ ನಗುತ್ತಿತ್ತು. ಕೊಂಡಪಲ್ಲಿ ಗೊಂಬೆಯೂ ನನ್ನನ್ನೇ ನೋಡುತ್ತಿತ್ತು.

ಗೌಡರನ್ನು ಲಿಫ್ಟಿನ ತನಕ ಬಿಡಲು ಹೋದವನಿಗೆ ತಡೆಯಲಾಗಲಿಲ್ಲ. “ಅಲ್ರೀ ಗೌಡ್ರೇ, ಅವಳಿಗಿಂತ ಮೊದ್ಲು ನಾನೂ ಅದನ್ನೇ ಬರ್ದಿದ್ನಲ್ಲ?”

“ಬರ್ದಿದ್ರಿ ಸಾರ್. ಚೆನ್ನಾಗೇ ಬರ್ದಿದ್ರಿ.”

“ಮತ್ತೆ?”

ಅವರು ಲಿಫ್ಟಿನ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದು ನಿಂತರು. “ಬ್ಯಾಸ್ರ ಮಾಡ್ಕಬ್ಯಾಡಿ. ನಾನ್ ಆಕಡೆ ನಿಂತ್ರೆ ನೀವ್ ಈಕಡೆ, ಈಕಡೆ ಬಂದ್ರೆ ಆಕಡೆ. ಇಷ್ಟ್ ವರ್ಸ ಆಯ್ತು, ನಿಮ್ಗೇನನ್ಸ್ತದೆ ಅಂತ ನನ್ಗಿನ್ನೂ ಗೊತ್ತಿಲ್ಲ ಸಾರ್. ಯಾವ್ದುಕ್ಕೆ ಅಂತ ಸೋಲ್ಲಿ? ಒಂದಿನ ಬಾಯ್ಬಿಟ್ಟು ಏಳಿ. ಸೋಲಕ್ಕೆ ನಾನ್ ರೆಡಿ.”

ಲಿಫ್ಟು ಕೆಳಗಿಳಿಯಿತು. ನಾನು ಒಳಗೆ ಬಂದು, ಹೆಂಡತಿಯ ಜೊತೆ ಕಾರಣವಿಲ್ಲದೆ ಜಗಳವಾಡಿದೆ. ಆಮೇಲೆ ತಿಂಗಳುಗಟ್ಟಲೆ ಕಟ್ಟೆಯಲ್ಲಿ ಒಂದಕ್ಷರ ಬರೆಯಲಿಲ್ಲ. ಬರೆಯಲು ಕೂತರೆ ಸಾಕು, ಮೊದಲ ವಾಕ್ಯಕ್ಕೇ ಇದು ನನಗೆ ಅನ್ನಿಸಿದ್ದೋ, ಗೌಡರಿಗೆ ಎದುರಾಡಲು ಬಂದದ್ದೋ ಎಂಬ ಅನುಮಾನ. ಒಬ್ಬ ಮನುಷ್ಯನ ಬಾಯಿ ಕಟ್ಟಲು ಅದಕ್ಕಿಂತ ಕ್ರೂರವಾದ ಶಿಕ್ಷೆ ಬೇರಿಲ್ಲ.

ಗೌಡರಿಗೆ ಎದೆನೋವು ಬಂದು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದೆ. ಕೈಗೆ ಸೂಜಿ ಚುಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಯಾರಿಗೋ ಏನನ್ನೋ ಕುಟ್ಟುತ್ತಿದ್ದರು. ಕುರ್ಚಿ ಎಳೆದುಕೊಂಡು ಕೂತು, ಆರೋಗ್ಯ ವಿಚಾರಿಸುವುದನ್ನೂ ಮರೆತು ಹೇಳಿಬಿಟ್ಟೆ.

“ಗೌಡ್ರೇ, ಆ ಸರಗಳ್ಳನ ಕೈ ಮುರೀಬೇಕು ಅಂತಲೇ ನನಗೆ ಅವತ್ತೂ ಅನ್ಸಿದ್ದು. ಇವತ್ತಿಗೂ ಅದೇ ಅನ್ಸುತ್ತೆ. ಸುಧಾರಣೆ ಗಿಧಾರಣೆ ಎಲ್ಲ ನಿಮ್ಮನ್ನ ಗೆಲ್ಲಕ್ಕೆ ಬರ್ದಿದ್ದು. ಅವಳು ಈಗಲೂ ಕೆರೆ ಕಡೆ ಒಬ್ಬಳೇ ಹೋಗಲ್ಲ. ಹಿಂದೆ ಬೈಕ್ ಸದ್ದಾದ್ರೆ ನನ್ನ ತೋಳು ಹಿಡ್ಕೋತಾಳೆ. ಅದಕ್ಕೆ ಯಾರೂ ಶಿಕ್ಷೆ ಅನುಭವಿಸ್ಲಿಲ್ಲ.”

ಗೌಡರು ಫೋನನ್ನು ಹಾಸಿಗೆಯ ಮೇಲೆ ಮಗುಚಿಟ್ಟರು. ಮೀಸೆಯ ಕೆಳಗೆ ನಿಧಾನವಾಗಿ ನಗು ಬಂತು. “ಇದ್ ನೋಡಿ ಸಾರ್ ವಾದ. ಎಲ್ಲಿಟ್ಟಿದ್ರಿ ಇಷ್ಟ್ ದಿನ? ಆದ್ರೆ ನಾನ್ ಅಮ್ಮಾವ್ರಿಗೆ ಎಲೆ ಕೊಟ್ಟಾಗೈತೆ. ಅವ್ರ್ ಕಡೆ ನಾನು, ಈ ಕಡೆ ನೀವು. ಡಿಸ್ಚಾರ್ಜ್ ಆಗ್ಲಿ, ಶುರು ಮಾಡವ.”

ಶುರುವೂ ಮಾಡಿದೆವು. ಆ ಕೆಲವು ವಾರ ನಾನು ಪೀಠಿಕೆ ಬರೆಯಲಿಲ್ಲ, ಉಪಸಂಹಾರ ಬರೆಯಲಿಲ್ಲ. ತಪ್ಪು ತಡವರಿಕೆಗಳಿದ್ದ ಎರಡು ಮೂರು ಸಾಲು, ಸಿಟ್ಟು ಬಂದರೆ ಸಿಟ್ಟು. ಗೌಡರೂ ಬಿಡಲಿಲ್ಲ. ಒಮ್ಮೆಯೂ ‘ಚೆನ್ನಾಗ್ ಬರ್ದಿದೀರ’ ಎನ್ನಲಿಲ್ಲ. ಬೆಳಿಗ್ಗೆ ಏಳುತ್ತಲೇ ಫೋನಿಗೆ ಕೈ ಹೋಗುತ್ತಿತ್ತು. ಕಾಲೇಜಿನ ವೇದಿಕೆಯಲ್ಲೂ ಅಷ್ಟು ಸುಖಪಟ್ಟಿರಲಿಲ್ಲ. ಒಂದು ಭಾನುವಾರ ಅವರು ಹೀಗೆ ಬರೆದರು:

“ಸಾರ್, ಒಂದೇ ಒಂದ್ ಮಾತು. ಅವ್ನ್ ಕೈ ಮುರುದ್ರೆ ಅಮ್ಮಾವ್ರು ನಾಳೆ ಒಬ್ರೇ ಕೆರೆ ಕಡೀಕೆ ಓಯ್ತಾರಾ? ಓಯ್ತಾರೆ ಅನ್ನಂಗಿದ್ರೆ ಏಳಿ. ನಾನೇ ಎಲೆ ತತ್ತೀನಿ.”

ಯೋಚಿಸಿ ಬರೆಯೋಣವೆಂದು ಬಿಟ್ಟೆ. ಆ ವಾರವೇ ಗೌಡರು ಹೋದರು, ಮನೆಯಲ್ಲೇ, ಊಟಕ್ಕೆ ಕೂತಿದ್ದಾಗ.

ಹನ್ನೊಂದನೇ ದಿನದ ಊಟ ಜಕ್ಕೂರಿನ ಹಳೆಯ ಮನೆಯಲ್ಲಿ. ಗೌಡರು ಯಾರಿಗೆಲ್ಲ ಸೋತಿದ್ದರೋ ಅವರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ಕೂತೂ ಅದೇ ಮಾತು, ನನಗೆ ಹೇಗೆ ಸೋತರು, ನಿಮಗೆ ಹೇಗೆ ಸೋತರು. ಮಿಲಿಟರಿ ಮಾವ ನನ್ನ ಕಡೆ ತಿರುಗಿ, “ನಿಮ್ದು ಯಾವ ವಿಷಯಕ್ಕೆ ಸಾರ್?” ಎಂದರು. ನಾನು ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಳ್ಳುತ್ತಿರುವಂತೆ ನಟಿಸಿದೆ.

ಊಟ ಮುಗಿಸಿ ಹೊರಗೆ ಬಂದರೆ ಬಾಗಿಲಲ್ಲಿ ಎಲೆ ಅಡಿಕೆಯ ತಟ್ಟೆ. ಹಿಡಿದು ನಿಂತವರು ಗೌಡರ ತಮ್ಮ. ಅದೇ ಮೀಸೆ, ಅದೇ ಪಂಚೆ, ಅದೇ ಬಿಚ್ಚಿದ ಗುಂಡಿ. ಆ ಯಂತ್ರದ್ದೇನೂ ತಪ್ಪಿರಲಿಲ್ಲ, ಒಂದು ಗಳಿಗೆ ನಾನೂ ಮೋಸಹೋದೆ. ಎರಡೂ ಕೈ ಅವತ್ತಿನ ಹಾಗೆಯೇ ಚಾಚಿಕೊಂಡವು.

“ತಗಳಿ ಸಾರ್,” ಎಂದರು ಅವರು.

ಎಲೆ ಇನ್ನೇನು ಬೆರಳಿಗೆ ತಾಗಬೇಕು, ಷರತ್ತು ನೆನಪಾಯಿತು. ಎಲೆ ಹಾಕಿಕೊಂಡರೆ ಮುಗೀತು, ಮತ್ತೆ ಆ ವಿಷಯ ಎತ್ತುವ ಹಾಗಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.

“ಬೇಡ. ನಮ್ಮದು ಇನ್ನೂ ನಡೀತಿದೆ.”

ತಮ್ಮನಿಗೆ ಅರ್ಥವಾಗಲಿಲ್ಲ. ಪಕ್ಕದಿಂದ ನನ್ನ ಹೆಂಡತಿ ಕೈ ಚಾಚಿ ತನ್ನ ಪಾಲಿನದನ್ನೂ ನನ್ನ ಪಾಲಿನದನ್ನೂ ತೆಗೆದುಕೊಂಡಳು. “ಕೊಡಿ, ಇವ್ರದ್ದೂ ನಾನೇ ಹಾಕ್ಕೋತೀನಿ.”

ಮನೆಗೆ ಕೆರೆಯ ಏರಿಯ ಮೇಲಿನ ದಾರಿಯಲ್ಲಿ ಬಂದೆವು. ಜಕ್ಕೂರಿನ ತರಬೇತಿ ಶಾಲೆಯಲ್ಲಿ ವಿಮಾನ ಹಾರಿಸಲು ಕಲಿಯುವವರ ಪುಟ್ಟ ವಿಮಾನವೊಂದು ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಗೌಡರಿಗೆ ಕೊಡಬೇಕಾದ ಉತ್ತರ ನನ್ನಲ್ಲಿರಲಿಲ್ಲ, ಇದ್ದರೆ ಇವಳಲ್ಲಿರಬೇಕು. ಅಲ್ಲಿಯ ತನಕ ಅದು ನನಗೆ ಹೊಳೆದೇ ಇರಲಿಲ್ಲ.

“ಅಲ್ಲ ಕಣೇ, ಅವನ ಕೈ ಮುರಿದಿದ್ರೆ ನೀನು ಈ ಕಡೆ ಒಬ್ಬಳೇ ಬರ್ತಿದ್ಯಾ?”

ಅವಳು ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು. “ಈಗ ಕೇಳ್ತಿದ್ದೀರಾ? ಗೌಡ್ರು ಯಾವತ್ತೋ ಫೋನ್ ಮಾಡಿ ಕೇಳಿದ್ರು.”

ನಾನು ನಿಂತುಬಿಟ್ಟೆ. “ಏನಂದೆ?”

“ಅದು ನನಗೂ ಗೌಡ್ರಿಗೂ ಬಿಟ್ಟಿದ್ದು ಕಣ್ರೀ. ನಿಮ್ಮ ವಾದ ನೀವು ಮಾಡ್ಕೊಳ್ಳಿ.”

ಮತ್ತೆ ಅದೇ ಹೊಟ್ಟೆಕಿಚ್ಚು. ಸತ್ತು ಹನ್ನೊಂದು ದಿನವಾದ ಮೇಲೂ ಈ ಮನುಷ್ಯ ನನಗಿಂತ ಮುಂದಿದ್ದರು. ಬೈಯಲು ಬಾಯಿ ತೆರೆದು ತಲೆ ಎತ್ತಿದೆ. ಅವಳು ನನಗಾಗಿ ಕಾಯದೆ, ಹಿಂದೆ ತಿರುಗಿಯೂ ನೋಡದೆ, ಏರಿಯ ಮೇಲೆ ಒಬ್ಬಳೇ ನಡೆದುಹೋಗುತ್ತಿದ್ದಳು.